ಬಾಕ್ಸರ್ ಕದಿರೇಶನ ನಾಲ್ಕನೇ ಬೆರಳು

ಶ್ರೀನಿವಾಸಪುರದಲ್ಲಿ ಕದಿರೇಶನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಕದಿರೇಶ ಎನ್ನುತ್ತಾರೆ. ಬಾಕ್ಸರ್ ಮನೆ ಎಂದರೆ ಆಟೊದವರು ಹತ್ತಿಸಿಕೊಂಡು ಹೊರಟೇಬಿಡುತ್ತಾರೆ. ಕರೆಂಟಿನ ಮೀಟರ್ ಓದಲು ಬರುವವನು ಬಾಗಿಲಲ್ಲಿ ನಿಂತು ಕೂಗುವುದೂ ಅದೇ ಹೆಸರು. ಮಗಳು ಶ್ರೀವಾಣಿಯ ಮದುವೆ ಪತ್ರಿಕೆಯಲ್ಲಿ ‘ಮಾವಿನ ದಲ್ಲಾಳಿ ಬಾಕ್ಸರ್ ಕದಿರೇಶಪ್ಪನವರ ಏಕೈಕ ಪುತ್ರಿ’ ಎಂದು ಅಚ್ಚಾಗಿತ್ತು. ಅದನ್ನು ನೋಡಿದ ಮೇಲೆ ಗಂಡಿನ ಕಡೆಯವರು ವರೋಪಚಾರದ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

ಅವನು ಜೀವಮಾನದಲ್ಲಿ ಆಡಿದ್ದು ಒಂದೇ ಪಂದ್ಯ. ಅದರಲ್ಲಿ ಸೋತಿದ್ದ. ಇದರಲ್ಲಿ ಗುಟ್ಟೇನೂ ಇಲ್ಲ, ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಆಗ ಅವನಿಗೆ ಇಪ್ಪತ್ತೊಂದು. ಒಂದು ಲೋಡು ರಸಪುರಿ ಇಳಿಸಲು ಕೆಜಿಎಫ್‌ಗೆ ಹೋಗಿದ್ದ. ಗಣಿ ಕೆಲಸಗಾರರ ಕ್ಲಬ್ಬಿನಲ್ಲಿ ಅಂದು ಸಂಜೆ ಬಾಕ್ಸಿಂಗ್. ಹೆವಿವೇಟ್ ಪಂದ್ಯಕ್ಕೆ ಬರಬೇಕಿದ್ದ ಒಬ್ಬ ಜ್ವರ ಬಂದು ಮಲಗಿದ್ದ. ಕ್ಲಬ್ಬಿನ ಸೆಕ್ರೆಟರಿ ಚಿಂತೆಯಲ್ಲಿ ಬೀದಿಗೆ ಬಂದರೆ, ಎರಡೂ ಹೆಗಲ ಮೇಲೆ ಒಂದೊಂದು ಬುಟ್ಟಿ ಹೊತ್ತು ಲಾರಿಯಿಂದ ಇಳಿಯುತ್ತಿರುವ ಕದಿರೇಶ ಕಣ್ಣಿಗೆ ಬಿದ್ದ. “ಮೂರು ರೌಂಡು ನಿಂತ್ಕೊಂಡಿದ್ರೆ ಸಾಕಪ್ಪಾ, ಬಿರಿಯಾನಿ ಕೊಡಿಸ್ತೀನಿ” ಎಂದರು. ಎದುರಾಳಿ ಗಣಿಯಲ್ಲಿ ಫಿಟ್ಟರ್. ಅವನ ಮೊದಲ ಏಟು ಬರುವುದನ್ನು ಕದಿರೇಶ ಕಂಡ. ಎರಡನೆಯದನ್ನು ಕಾಣಲಿಲ್ಲ. ರೆಫರಿ ಎಂಟು ಎನ್ನುವಷ್ಟರಲ್ಲಿ ಎದ್ದು ನಿಂತ, ಎರಡೂ ಕೈ ಎತ್ತಿದ, ಮತ್ತೆ ಬಿದ್ದ. ಮೊದಲ ರೌಂಡಿನ ಗಂಟೆ ಇನ್ನೂ ಹೊಡೆದಿರಲಿಲ್ಲ.

ಸೆಕ್ರೆಟರಿ ಒಳ್ಳೆಯ ಮನುಷ್ಯ. ಬಿರಿಯಾನಿಯನ್ನೂ ಕೊಡಿಸಿದರು, ಊದಿದ ಕಣ್ಣಿಗೆ ಮಂಜುಗಡ್ಡೆಯನ್ನೂ ಇಟ್ಟರು. ನೋವು ಮರೆಯಲಿ ಎಂದು ಟಿವಿಯಲ್ಲಿ ಒಂದು ಕ್ಯಾಸೆಟ್ ಹಾಕಿದರು. ಆಫ್ರಿಕಾದಲ್ಲಿ ಮಹಮ್ಮದ್ ಅಲಿ, ಜಾರ್ಜ್ ಫೋರ್‌ಮನ್ ಎಂಬ ಪರ್ವತದಂಥವನನ್ನು ಹಗ್ಗಕ್ಕೆ ಒರಗಿ ನಿಂತೇ ಸುಸ್ತು ಮಾಡಿ ಎಂಟನೇ ರೌಂಡಿನಲ್ಲಿ ಕೆಡವಿದ ಪಂದ್ಯ ಅದು. “ಒಂದು ಕಣ್ಣಲ್ಲಿ ನೋಡಿದ್ದಕ್ಕೇ ಹಿಂಗಾದೆ” ಎಂದು ಕದಿರೇಶ ಈಗಲೂ ಹೇಳುತ್ತಾನೆ. “ಎರಡೂ ತೆರೆದಿದ್ರೆ ಊರಿಗೇ ಬರ್ತಿರಲಿಲ್ಲ.” ಮರುದಿನ ಬೆಳಿಗ್ಗೆ ಮಂಡಿಗೆ ಬಂದಾಗ ಅವನ ಕಣ್ಣು ನೋಡಿ ಯಾರೋ “ಬಾಕ್ಸರ್ ಬಂದ್ನಪ್ಪೋ” ಎಂದರು. ಆ ಹೆಸರು ನಲವತ್ತು ವರ್ಷ ಬಾಳಿತು.

ಮಂಡಿ ಸುಬ್ಬರಾಯಪ್ಪನದು. ಚಿಂತಾಮಣಿ ರಸ್ತೆಯಲ್ಲಿ ಸಾಲಾಗಿರುವ ಮಾವಿನ ಮಂಡಿಗಳಲ್ಲಿ ಕೂಗಿ ಹರಾಜು ಹಾಕುವುದು ಈಗಿನ ರೂಢಿ. ಸುಬ್ಬರಾಯಪ್ಪ ಮಾತ್ರ ಅವರಪ್ಪನ ಕಾಲದ ಟವೆಲ್ ಬಿಟ್ಟಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿಯುತ್ತಾರೆ, ಮೇಲೊಂದು ಟವೆಲ್ ಹೊದಿಸುತ್ತಾರೆ, ಒಳಗೆ ಬೆರಳು ಒತ್ತಿ ದರ ಹೇಳುತ್ತಾರೆ. ಮೊದಲ ಒತ್ತನ್ನು ಯಾರೂ ನಂಬುವುದಿಲ್ಲ. ಮಾರುವವನು ಒಂದು ಬೆರಳು ಹೆಚ್ಚು ಹಿಡಿಯುತ್ತಾನೆ, ಕೊಳ್ಳುವವನು ಒಂದು ಬೆರಳು ಕಮ್ಮಿ. ಕೊಳ್ಳುವವನು ಅದನ್ನು ಇಳಿಸಬೇಕು, ಮಾರುವವನು ಇದನ್ನು ಏರಿಸಬೇಕು, ಕೊನೆಗೆ ಇಡೀ ಅಂಗೈ ಹಿಡಿದರೆ ವ್ಯಾಪಾರ ಮುಗಿಯಿತು. ಟವೆಲ್ ಎತ್ತಿದ ಮೇಲೆ ಮಾತಿಲ್ಲ. ಆಕಾಶ ಬಿದ್ದರೂ ಆ ದರವೇ ದರ.

ವ್ಯಾಪಾರ ಮುಗಿದು ಮಧ್ಯಾಹ್ನ ಲಾರಿಗಳಿಗೆ ಕಾಯುವ ಹೊತ್ತು ಮಂಡಿಯ ಜನ ಮೆಹರ್ ಬಾನುವಿನ ಟೀ ಅಂಗಡಿ ಮುಂದೆ ಸೇರುತ್ತಾರೆ. ಆಕೆ ಟೀ ಮಾರುತ್ತಾಳೆ, ಉಪ್ಪಿನಕಾಯಿಗೆಂದು ಉದುರುಗಾಯಿ ಕೊಳ್ಳುತ್ತಾಳೆ, ನಡುವೆ ಎಲ್ಲರ ಮಾತಿಗೂ ಬಾಯಿ ಹಾಕುತ್ತಾಳೆ. ಬೇರೆ ಮಂಡಿಗಳಲ್ಲಿ ರಾಜಕೀಯ ಮಾತಾಡುತ್ತಾರೆ. ಇಲ್ಲಿ ಕದಿರೇಶನ ದೆಸೆಯಿಂದ ಹೆವಿವೇಟ್ ಬಾಕ್ಸಿಂಗ್, ಅದರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂಬ ವಾದ. ಅಮೆರಿಕದ ಭೂಪಟದಲ್ಲಿ ಬೆರಳಿಡಲು ಬಾರದವರೂ ಫ್ರೇಜಿಯರ್‌ನ ಎಡಗೈ ಹುಕ್ಕಿನ ಏಟಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುತ್ತಾರೆ.

ಹೀಗಿದ್ದಲ್ಲಿಗೆ ಹೋದ ವರ್ಷ ಮೇ ತಿಂಗಳಲ್ಲಿ ರಹೀಲ್ ಬಂದ. ಮುಳಬಾಗಿಲಿನ ಹುಡುಗ, ಬಿ.ಕಾಂ. ಮಾಡಿಕೊಂಡವನು, ತಿರುಳು ತೆಗೆಯುವ ಫ್ಯಾಕ್ಟರಿಗಳಿಗೆ ಹಣ್ಣು ಕೊಂಡುಕೊಡುತ್ತಾನೆ. ಎರಡನೇ ದಿನವೇ ಟೀ ಲೋಟ ಹಿಡಿದು, ಫೋನಿನಿಂದ ತಲೆಯೆತ್ತದೆ ಹೇಳಿದ:

“ಇದರಲ್ಲಿ ವಾದ ಮಾಡೋಕೆ ಏನಿದೆ? ರಾಕಿ ಮಾರ್ಸಿಯಾನೊ. ನಲವತ್ತೊಂಬತ್ತು ಆಟ, ನಲವತ್ತೊಂಬತ್ತು ಗೆಲುವು. ಒಂದು ಸಲಾನೂ ಸೋಲದವನೇ ದೊಡ್ಡವನು. ಖತಮ್.”

“ಅಲಿಗೇ ಎದುರು ಮಾತಾಡ್ತೀಯೇನೋ?” ಎಂದಳು ಮೆಹರ್ ಬಾನು. “ನಿಮ್ಮಮ್ಮಂಗೆ ಫೋನ್ ಮಾಡ್ತೀನಿ ನೋಡು.”

“ಮಾಡಿ ಖಾಲಾ. ಅಲಿ ಐದು ಸಲ ಸೋತಿದ್ದಾನೆ ಅಂತ ಅಮ್ಮಂಗೂ ಹೇಳ್ತೀನಿ.”

“ಸೋಲು ಎಣಿಸ್ತಾನಂತೆ. ಲೇ, ಬುಟ್ಟಿ ಕೊಳ್ಳೋವಾಗ ಮೇಲಿನ ಹಣ್ಣು ನೋಡ್ತೀಯೋ, ತಳದ್ದು ನೋಡ್ತೀಯೋ? ಅಲಿ ಬುಟ್ಟಿ ಬೋರಲು ಹಾಕು. ಲಿಸ್ಟನ್, ಫ್ರೇಜಿಯರ್, ನಾರ್ಟನ್, ಫೋರ್‌ಮನ್. ಒಂದೊಂದೂ ಗಟ್ಟಿ ಕಾಯಿ. ನಿನ್ನ ಮಾರ್ಸಿಯಾನೊ ಬುಟ್ಟೀಲಿ ಏನಿದೆ? ಮೂವತ್ತೇಳು ವಯಸ್ಸಿನ ಜೋ ಲೂಯಿಸ್. ಕಳಿತು ಕೊಳೀತಾ ಇದ್ದ ಹಣ್ಣು.”

“ಲೂಯಿಸ್ ಸುದ್ದಿಗೆ ಬರಬೇಡಮ್ಮ” ಎಂದು ಸುಬ್ಬರಾಯಪ್ಪ ಗಲ್ಲಾಪೆಟ್ಟಿಗೆ ಹಿಂದಿನಿಂದ ದನಿ ಎತ್ತಿದ. ಅವನ ದೇವರು ಜೋ ಲೂಯಿಸ್. “ಹತ್ತಿರ ಹತ್ತಿರ ಹನ್ನೆರಡು ವರ್ಷ ಆ ಪಟ್ಟ ಬಿಟ್ಟು ಇಳೀಲಿಲ್ಲ ಮಹಾನುಭಾವ. ಇಪ್ಪತ್ತೈದು ಸಲ ಬಂದೋರನ್ನೆಲ್ಲ ಓಡಿಸಿದ. ಒಂದೇ ಗದ್ದುಗೆ ಮೇಲೆ ಅಷ್ಟು ದಿನ ಕೂತ್ಕೊಳ್ಳೋದು ಎಂಥ ಕಷ್ಟ ಅಂತ ಮಂಡಿ ನಡೆಸೋನಿಗೆ ಗೊತ್ತು.”

ಕದಿರೇಶ ಇದನ್ನೆಲ್ಲ ಕೇಳಿಸಿಕೊಂಡು, ಲೋಟ ಕೆಳಗಿಟ್ಟು, ನಲವತ್ತು ವರ್ಷದಿಂದ ಹೇಳುತ್ತಿದ್ದುದನ್ನೇ ಹೇಳಿದ. “ಬೀಳದೇ ಇರೋನ ಬಗ್ಗೆ ನಮಗೇನಪ್ಪಾ ಗೊತ್ತಾಗುತ್ತೆ? ಬಿದ್ದ ಮೇಲೆ ಏನು ಮಾಡಿದ ಅನ್ನೋದು ನೋಡ್ಬೇಕು. ಅಲಿ ಪಟ್ಟ ಕಳ್ಕೊಂಡ, ಮತ್ತೆ ತಗೊಂಡ, ಮತ್ತೆ ಕಳ್ಕೊಂಡ, ಮತ್ತೆ ತಗೊಂಡ.”

ಆಗ ರಹೀಲ್ ಫೋನಿನಿಂದ ತಲೆ ಎತ್ತಿದ. ಕೇಡಿಗನ ಮುಖವೇನಲ್ಲ. ಲೆಕ್ಕ ತಾಳೆಯಾಗದ ಬಿ.ಕಾಂ. ಹುಡುಗನ ಮುಖ.

“ಕದಿರೇಶ್ ಚಾಚಾ, ನಿಮ್ಮ ರೆಕಾರ್ಡ್ ಎಷ್ಟು?”

“ಒಂದು ಆಟ.”

“ಗೆಲುವು?”

ಕದಿರೇಶ ಲಾರಿ ಬಂತೇನೋ ಎಂಬಂತೆ ರಸ್ತೆ ನೋಡಿದ.

“ಅಂದ್ರೆ ನೂರಕ್ಕೆ ನೂರು ಸೋಲು” ಎಂದ ರಹೀಲ್. “ಹಂಗಾದ್ರೆ ಬಾಕ್ಸರ್ ಅಂತ ಯಾವ ಲೆಕ್ಕದಲ್ಲಿ ಕರೀತಾರೆ?”

ಎಲ್ಲರೂ ಯೋಚಿಸತೊಡಗಿದ್ದರು, ಅದೇ ಅಪಾಯ. ಕದಿರೇಶನಿಗೆ ಕಿವಿ ಬಿಸಿಯಾಯಿತು. ಬಾಯಿ ಬುದ್ಧಿಗಿಂತ ಮುಂದೆ ಓಡಿತು. “ಮಂಡಿಯವರನ್ನೇ ಕೇಳೋಣ. ಓಟು ಹಾಕ್ಲಿ. ಸೋಲದವನೇ ದೊಡ್ಡವನು ಅಂತ ನಿನ್ನ ಮಾರ್ಸಿಯಾನೊನ ಗೆಲ್ಲಿಸಿದ್ರೆ ನಾನು ಇವತ್ತಿಂದ ಬಾಕ್ಸರ್ ಅಲ್ಲ, ಬರೀ ಕದಿರೇಶ. ಸೋತವನೊಬ್ಬ ಗೆದ್ರೆ ನೀನೂ ನನ್ನ ಬಾಕ್ಸರ್ ಅಂತ ಕರೀಬೇಕು.”

ಹೇಳಿದ ಮೇಲೆ ಬೆವರಿದ. ಮೀಟರ್ ರೀಡರ್, ಆಟೊದವರು, ಬೀಗರು ಎಲ್ಲರೂ ಕಣ್ಣ ಮುಂದೆ ಸಾಲಾಗಿ ಬಂದುಹೋದರು.

ಓಟನ್ನು ಟವೆಲ್ ಕೆಳಗೇ ಹಾಕಬೇಕು ಎಂದು ಸುಬ್ಬರಾಯಪ್ಪ ತೀರ್ಮಾನಿಸಿದ. ಯಾರು ಯಾರಿಗೆ ಹಾಕಿದರೆಂದು ಗೊತ್ತಾದರೆ ನಾಳೆ ವ್ಯಾಪಾರ ಕೆಡುತ್ತದೆ. ಒಂದು ಬೆರಳು ಮಾರ್ಸಿಯಾನೊಗೆ, ಎರಡು ಲೂಯಿಸ್‌ಗೆ, ಮೂರು ಅಲಿಗೆ. ಐದು ಬೆರಳು ಒತ್ತಿದರೆ ವ್ಯಾಪಾರ ಮುಗಿಯಿತು ಎಂದು ಅರ್ಥ, ಹಾಗಾಗಿ ಅದು ಬೇಡ. ನಾಲ್ಕನೆಯದು ಯಾರಿಗೆ? ತಮಗೆ ಓಟಿಲ್ಲದಿದ್ದರೂ ಲೋಡಿಂಗ್ ಹುಡುಗರು ಒಂದೇ ದನಿಯಲ್ಲಿ “ಟೈಸನ್” ಎಂದರು.

ಕದಿರೇಶನೊಳಗಿನ ದಲ್ಲಾಳಿ ಎಚ್ಚೆತ್ತ. ಟೈಸನ್ ಬಂದರೆ ಅಲಿಯ ಓಟು ಒಡೆಯುತ್ತದೆ. ಯಾರೂ ಕೇಳದ ಹೆಸರೊಂದನ್ನು ಅಲ್ಲಿ ಕೂರಿಸಬೇಕು. “ಲ್ಯಾರಿ ಹೋಮ್ಸ್” ಎಂದ ಗಂಭೀರವಾಗಿ. “ಅವನೂ ದೊಡ್ಡ ಚಾಂಪಿಯನ್ನೇ.” ಯಾರಿಗೂ ಹೋಮ್ಸ್ ಬಗ್ಗೆ ಏನೂ ಗೊತ್ತಿಲ್ಲದ್ದರಿಂದ ಯಾರೂ ವಿರೋಧಿಸಲಿಲ್ಲ.

ಓಟು ತೆಗೆದುಕೊಳ್ಳಲು ಪಕ್ಷಪಾತವಿಲ್ಲದವನು ಬೇಕಿತ್ತು. ಬ್ಯಾಂಕಿನ ವೆಂಕಟ್ ಟೀ ಕುಡಿಯುತ್ತ ನಿಂತಿದ್ದ. ಮಾಲೂರಿನವನು, ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಬಾಕ್ಸಿಂಗೂ ಗೊತ್ತಿಲ್ಲ, ಮಾವೂ ಗೊತ್ತಿಲ್ಲ. ಅವನಿಗಿಂತ ಯೋಗ್ಯ ಯಾರು? ವೆಂಕಟ್ ಕೈಗೆ ಟವೆಲ್ ಹೊದಿಸಿಕೊಂಡು ಒಬ್ಬೊಬ್ಬರ ಮುಂದೆ ನಿಂತ. ಕೈ ಹಿಡಿದ, ಒತ್ತಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡ, ಕೈ ಬಿಡಿಸಿಕೊಂಡ, ಮುಂದಕ್ಕೆ ಹೋದ. ಓಟು ಹಾಕಿದ ಒಂಬತ್ತು ಜನರಲ್ಲಿ ಏಳು ಜನ ಅಲಿಯವರು ಎಂದು ಕದಿರೇಶ ಮೊದಲೇ ಲೆಕ್ಕ ಹಾಕಿದ್ದ. ಹೀಗಾಗಿ ತನ್ನ ಸರದಿ ಬಂದಾಗ ನೆಮ್ಮದಿಯಿಂದ ಕೈ ಕೊಟ್ಟ.

ವೆಂಕಟ್ ಟವೆಲ್ ಎತ್ತಿ ಮಡಿಸಿದ.

“ಮಾರ್ಸಿಯಾನೊ, ಒಂದು ಓಟು.”

ಕದಿರೇಶ ನಕ್ಕ. ರಹೀಲ್ ಹಲ್ಲು ಕಚ್ಚಿದ.

“ಜೋ ಲೂಯಿಸ್, ಮೂರು.”

ಸುಬ್ಬರಾಯಪ್ಪ ಗಲ್ಲಾಪೆಟ್ಟಿಗೆ ಹಿಂದೆ ಎದ್ದುನಿಂತ. ಅವನ ಜೀವನದಲ್ಲಿ ಲೂಯಿಸ್‌ಗೆ ಅವನದಲ್ಲದೆ ಇನ್ನೊಂದು ಓಟು ಬಿದ್ದಿರಲಿಲ್ಲ.

“ಮಹಮ್ಮದ್ ಅಲಿ, ಒಂದು. ಲ್ಯಾರಿ ಹೋಮ್ಸ್, ನಾಲ್ಕು. ಹೋಮ್ಸ್ ಗೆದ್ದ ಹಾಗಾಯ್ತು, ಅಲ್ವಾ ಸಾರ್?”

ಮೊದಲು ನಕ್ಕವಳು ಮೆಹರ್ ಬಾನು. ಸಣ್ಣಗೆ ಶುರುವಾದ ನಗೆ ಏರುತ್ತ ಹೋಯಿತು. ಆಕೆ ಸ್ಟವ್ ಆರಿಸಿ, ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ನಾನು ಅಲಿಗೇ ಹಾಕಿದ್ದು ಕಣಪ್ಪಾ. ಎರಡು ಒತ್ತಿದೆ. ಇವನು ಏರಿಸ್ತಾನೆ, ಆಮೇಲೆ ಮೂರು ಒತ್ತೋಣ ಅಂತ ಕಾದೆ. ಕೈ ಕಿತ್ಕೊಂಡು ಹೋಗೇಬಿಟ್ಟ.”

ಇನ್ನಿಬ್ಬರು ಖರೀದಿದಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಅದನ್ನೇ ಮಾಡಿದ್ದರು. ತೋಟದವರ ಪರ ಮಾರುವ ಮೂವರು ದಲ್ಲಾಳಿಗಳು ಅಲಿಗೆಂದೇ ಹೊರಟು, ರೂಢಿಯಂತೆ ಒಂದು ಬೆರಳು ಏರಿಸಿ ನಾಲ್ಕು ಹಿಡಿದು, ಇಳಿಸಲಿ ಎಂದು ಕಾದಿದ್ದರು. ಲೂಯಿಸ್ ಭಕ್ತ ಸುಬ್ಬರಾಯಪ್ಪ ಮಂಡಿ ಯಜಮಾನನ ಗತ್ತಿನಲ್ಲಿ ಎರಡರ ಬದಲು ಮೂರು ಹಿಡಿದಿದ್ದ. ಅಲಿಗೆ ಬಿದ್ದ ಒಂದೇ ಒಂದು ಓಟು ಅವನದು. ಅದು ಗೊತ್ತಾದ ಮೇಲೆ ಅವನು ಸ್ವಲ್ಪ ನೀರು ಕುಡಿದ. ಸರಿಯಾಗಿ ಓಟು ಹಾಕಿದವನು ರಹೀಲ್ ಒಬ್ಬನೇ, ಅದೂ ಒಂದಕ್ಕಿಂತ ಕೆಳಗೆ ಬೆರಳಿಲ್ಲದ್ದರಿಂದ.

“ಮೂರು ಜನ ದಲ್ಲಾಳಿಗಳಾಯ್ತು” ಎಂದಳು ಮೆಹರ್ ಬಾನು. “ಹೋಮ್ಸ್‌ಗೆ ನಾಲ್ಕು ಓಟು. ನಾಲ್ಕನೇದು ಯಾರದು?”

ಕದಿರೇಶ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದ.

ಆ ಮಧ್ಯಾಹ್ನ ಮಂಡಿಯಲ್ಲಿ ಒಂದು ಬುಟ್ಟಿಯೂ ಸರಿಯಾಗಿ ಲಾರಿ ಏರಲಿಲ್ಲ. ಬುಟ್ಟಿ ಎತ್ತಿದವರು ಅರ್ಧ ದಾರಿಯಲ್ಲಿ ನಗು ಬಂದು ಇಳಿಸುತ್ತಿದ್ದರು. “ಇದು ತಪ್ಪು ಓಟು, ಇನ್ನೊಂದು ಸಲ ಹಾಕಿ” ಎಂದ ರಹೀಲ್. ಸುಬ್ಬರಾಯಪ್ಪ ಕೈ ಅಡ್ಡ ಆಡಿಸಿದ. “ಟವೆಲ್ ಎತ್ತಿದ ಮೇಲೆ ಮಾತಿಲ್ಲ ಬಾಬು. ಈ ಮಂಡಿ ಮಟ್ಟಿಗೆ ಪ್ರಪಂಚದಲ್ಲೇ ದೊಡ್ಡವನು ಹೋಮ್ಸ್.”

“ಯಾರೂ ಅವನಿಗೆ ಹಾಕೇ ಇಲ್ವಲ್ಲ. ಅವನ ಪರ ನಿಲ್ಲೋರು ಯಾರು?”

ಅದು ನ್ಯಾಯವಾದ ಪ್ರಶ್ನೆ. ವಾರಸುದಾರರಿಲ್ಲದ ಮಾಲನ್ನು ಮಂಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಸುಬ್ಬರಾಯಪ್ಪ ತುಸು ಯೋಚಿಸಿ ಹೇಳಿದ. “ಹೆಸರು ತಂದೋನು ಕದಿರೇಶ. ನಾಳೆ ಟೀ ಹೊತ್ತಿಗೆ ಅವನೇ ಹೋಮ್ಸ್ ಪರ ನಿಂತು ಮಾತಾಡ್ಬೇಕು. ಅಲಿ ಹೆಸರು ಎತ್ತಿ ಅವನ ನೆರಳಲ್ಲಿ ನಿಲ್ಲಂಗಿಲ್ಲ. ನಮಗೆ ಒಪ್ಪಿಗೆಯಾದ್ರೆ ಹೆಸರು ಉಳೀತು. ಬಾಯಿ ಬರದೇ ಇದ್ರೆ ರಹೀಲ್ ಗೆದ್ದ.”

ಕದಿರೇಶ ಮನೆಗೆ ಹೋಗಿ, ಕೈಕಾಲೂ ತೊಳೆಯದೆ ಹೆಂಡತಿ ಮುನಿಲಕ್ಷ್ಮಿಯ ಫೋನು ಕೇಳಿದ. ಅವನದರಲ್ಲಿ ವಿಡಿಯೊ ಬರುವುದಿಲ್ಲ. ವಿಷಯ ಕೇಳಿ ಆಕೆ ಹುರುಳಿಕಾಯಿ ಮುರಿಯುತ್ತಲೇ ಹೇಳಿದಳು. “ಬಾಕ್ಸರ್ ಅಂದ್ರು ಅಂತಲೇ ನಮ್ಮಪ್ಪ ಕೊಟ್ಟಿದ್ದು. ಮದುವೆಯಾದ ವಾರದಲ್ಲಿ ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೀರಿ ಅಂದೆ. ಆಗ್ಲಿಲ್ಲ. ಪಕ್ಕದ ಮನೆ ಅಜ್ಜಿ ತೆಗೆದುಕೊಟ್ಲು.”

“ಅದು ತುಕ್ಕು ಹಿಡಿದಿತ್ತು ಕಣೇ.”

“ಅಜ್ಜಿಗೆ ಹಿಡಿದಿರಲಿಲ್ವಾ ತುಕ್ಕು?”

ಆದರೂ ಫೋನ್ ಕೊಟ್ಟಳು. ಪಕ್ಕದಲ್ಲೇ ಕೂತು ಹೋಮ್ಸ್‌ನ ಪಂದ್ಯಗಳನ್ನು ನೋಡಿದಳು. ಉದ್ದನೆಯ ಎಡಗೈಯ, ಸದ್ದುಗದ್ದಲವಿಲ್ಲದ ಮನುಷ್ಯ. ಕುಣಿಯುವುದಿಲ್ಲ, ಪದ್ಯ ಹೇಳುವುದಿಲ್ಲ. ಎಡಗೈಯೊಂದನ್ನು ಮತ್ತೆ ಮತ್ತೆ ಚಾಚುತ್ತಾನೆ, ಎದುರಿಗಿದ್ದವನ ಮುಖ ಅಲ್ಲೇ ಇರುತ್ತದೆ. “ಎಡಗೈಯಲ್ಲೇ ಮನೆ ಕೆಲ್ಸ ಎಲ್ಲ ಮುಗಿಸ್ತಾನಲ್ರೀ” ಎಂದಳು ಮುನಿಲಕ್ಷ್ಮಿ. ಆಮೇಲೆ ಅರ್ನಿ ಶೇವರ್ಸ್ ಎಂಬ ಬಂಡೆಯಂಥವನ ಜತೆಗಿನ ಪಂದ್ಯ ಬಂತು. ಏಳನೇ ರೌಂಡಿನಲ್ಲಿ ಶೇವರ್ಸ್‌ನ ಬಲಗೈ ಬೀಸಿ ಬಂದು ಹೋಮ್ಸ್ ಕಡಿದ ಬಾಳೆಯಂತೆ ಬಿದ್ದ. ಮುನಿಲಕ್ಷ್ಮಿಯ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ನಿಂತಿತು. ಹೋಮ್ಸ್ ಮೊಣಕಾಲೂರಿ ಎದ್ದ. ಕಾಲು ನಡುಗುತ್ತಿತ್ತು. ಕದಿರೇಶನಿಗೆ ಆ ನಡುಕ ಗುರುತು ಸಿಕ್ಕಿತು. ಗಂಟೆ ಹೊಡೆಯುವವರೆಗೆ ಹೇಗೋ ತಡೆದುಕೊಂಡ ಹೋಮ್ಸ್, ಹನ್ನೊಂದನೇ ರೌಂಡಿನಲ್ಲಿ ಶೇವರ್ಸ್‌ಗೇ ಸಾಕೆನ್ನಿಸಿದ.

“ನೀವೂ ಎದ್ರಂತಲ್ಲ ಆವತ್ತು” ಎಂದಳು ಮುನಿಲಕ್ಷ್ಮಿ.

“ಎದ್ದೆ.”

“ಆಮೇಲೆ?”

“ಆಮೇಲಿನದು ಬಿಡು.”

ಮರುದಿನ ಟೀ ಅಂಗಡಿ ಮುಂದೆ ಪಕ್ಕದ ಮಂಡಿಗಳ ಜನವೂ ಸೇರಿದ್ದರು. ಕದಿರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೊದಲ ಎರಡು ವಾಕ್ಯ ತೊದಲಿತು, ಒಂದು ಸಲ ಬಾಯಿಗೆ ಬಂದ ಅಲಿಯನ್ನು ಟೀ ಜತೆ ನುಂಗಿದ. ಶೇವರ್ಸ್‌ನ ಏಟಿನ ತನಕ ಬರುವಷ್ಟರಲ್ಲಿ ಅವನು ಸ್ಟೂಲು ಬಿಟ್ಟು ಎದ್ದಿದ್ದ. ಬಿದ್ದದ್ದನ್ನು ಬಿದ್ದೇ ತೋರಿಸಿದ. ಅರವತ್ತೊಂದರ ಮನುಷ್ಯ, ಮಾವಿಗೆ ಹಾಸುವ ಹುಲ್ಲಿನ ಮೇಲೆ ಅಂಗಾತ. ಲೋಡಿಂಗ್ ಹುಡುಗರು ಒಂದು, ಎರಡು, ಮೂರು ಎಂದು ಎಣಿಸತೊಡಗಿದರು. ಎಂಟಕ್ಕೆ ಕದಿರೇಶ ಎದ್ದ. ಅಂಗಿ ತುಂಬ ಹುಲ್ಲು. ಈ ಸಲ ಮತ್ತೆ ಬೀಳಲಿಲ್ಲ.

“ಏಳು ವರ್ಷ ಪಟ್ಟ ಇಟ್ಕೊಂಡ, ಇಪ್ಪತ್ತು ಸಲ ಕಾಪಾಡ್ಕೊಂಡ” ಎಂದ ಏದುಸಿರು ಬಿಡುತ್ತ. “ಯಾರಾದ್ರೂ ನೋಡಿದ್ರಾ? ಇಲ್ಲ. ಯಾಕೆ? ಊರೆಲ್ಲ ಹಾಡಿ ಕುಣಿಸಿದವನೊಬ್ಬ ಎದ್ದು ಹೋದ ಮೇಲೆ ಅದೇ ಮೈಕು ಮುಂದೆ ನಿಂತೋನು ಇವನು. ಅವನ ಹೆಸರು ನಾನು ಹೇಳಂಗಿಲ್ಲ. ಮೊದಲು ಅವನ ಹತ್ರಾನೇ ಅಭ್ಯಾಸಕ್ಕೆ ಏಟು ತಿಂತಿದ್ದ. ಆಮೇಲೆ ವಯಸ್ಸಾದ ಅವನ ಮೇಲೇ ಆಡ್ಬೇಕಾಗಿ ಬಂತು. ಹೊಡೆದ, ಗೆದ್ದ, ಆಮೇಲೆ ಕೂತು ಅತ್ತನಂತೆ. ಗೆದ್ದು ಅಳೋನನ್ನ ನೋಡಿದ್ದೀರಾ? ಇನ್ನು ರಹೀಲ್ ಲೆಕ್ಕಕ್ಕೆ ಬರೋಣ. ಒಂದರ ಹಿಂದೆ ಒಂದು ನಲವತ್ತೆಂಟು ಗೆದ್ದ. ನಲವತ್ತೊಂಬತ್ತನೇದ್ರಲ್ಲಿ ಸೋತ. ಮಾರ್ಸಿಯಾನೊ ಮನೆ ಹೊಸಿಲು ತನಕ ಹೋಗಿ ಚಪ್ಪಲಿ ಬಿಟ್ಟು ವಾಪಸ್ ಬಂದೋನು. ಒಂದು ಆಟ. ಆ ಒಂದು ಆಟದಿಂದ ಅವನು ಸಣ್ಣೋನಾಗ್ತಾನಾ? ಹೇಳು.”

ರಹೀಲ್ ಫೋನಿನಲ್ಲಿ ಒತ್ತಿ ಒತ್ತಿ ನೋಡಿದ. ನಲವತ್ತೆಂಟು ಇತ್ತು. ಇಪ್ಪತ್ತೂ ಇತ್ತು. ಮೆಹರ್ ಬಾನು ಸೆರಗಿನಿಂದ ಮೂಗು ಒರೆಸಿಕೊಂಡು, ಹೊಗೆ ಜಾಸ್ತಿಯಾಗಿದೆ ಎಂದಳು. ಸ್ಟವ್ ಗ್ಯಾಸಿನದು.

“ಮಾಲಿಗೆ ವಾರಸುದಾರ ಸಿಕ್ಕಿದ” ಎಂದ ಸುಬ್ಬರಾಯಪ್ಪ. ಹುಡುಗರು ಶಿಳ್ಳೆ ಹಾಕಿದರು. ಹೆಸರು ಉಳಿಯಿತು.

ರಹೀಲ್ ಮಾತ್ರ ಆ ಹೆಸರನ್ನು ಬಾಯಿಗೆ ತರಲಿಲ್ಲ. “ನಕ್ಕೋ, ಆಗಲ್ಲ ಚಾಚಾ, ಇನ್ನೂ ಒಪ್ಪಿಲ್ಲ” ಎನ್ನುತ್ತಿದ್ದ. ಸೀಸನ್ ಪೂರ್ತಿ ಕದಿರೇಶ್ ಚಾಚಾ ಎಂದೇ ಕರೆದ. ಪ್ರತಿ ಸಲ ಅದು ಕದಿರೇಶನಿಗೆ ಅಂಗಿಯೊಳಗೆ ಉಳಿದ ಹುಲ್ಲುಕಡ್ಡಿಯಂತೆ ಚುಚ್ಚುತ್ತಿತ್ತು. ಮಿಕ್ಕಂತೆ ಆ ವರ್ಷ ಸುಬ್ಬರಾಯಪ್ಪನ ಮಂಡಿಯ ಏಳು ಜನ ಅಲಿ ಅಭಿಮಾನಿಗಳು, ಟವೆಲ್‌ಗೆ ಕಟ್ಟುಬಿದ್ದು, ಹೊರಗಿನಿಂದ ಬಂದವರ ಜತೆ ಹೋಮ್ಸ್ ಪರವಾಗಿ ಗಂಟಲು ಹರಿದುಕೊಂಡರು. ಕೋಲಾರದ ಟೊಮೆಟೊ ವ್ಯಾಪಾರಿಯೊಬ್ಬ ತಲೆ ಕೆಟ್ಟು ಟೀ ಅರ್ಧಕ್ಕೇ ಬಿಟ್ಟು ಹೋದ.

ಜುಲೈ ಕೊನೆಗೆ ಕೊನೆಯ ಲೋಡು ತೋತಾಪುರಿ ಬಂತು. ಮಾರುವವನು ಕದಿರೇಶ, ಕೊಳ್ಳುವವನು ರಹೀಲ್. ಅಷ್ಟು ದಿನದಲ್ಲಿ ಮೆಹರ್ ಬಾನು ಹುಡುಗನಿಗೆ ಟವೆಲ್ ವಿದ್ಯೆಯ ಒಳಗುಟ್ಟೆಲ್ಲ ಕಲಿಸಿದ್ದಳು. ಕೈ ಸೇರಿತು, ಟವೆಲ್ ಬಿತ್ತು. ಕದಿರೇಶ ನಾಲ್ಕು ಒತ್ತಿದ. ರಹೀಲ್ ಎರಡು ಒತ್ತಿದ. ಕದಿರೇಶ ನಕ್ಕು ನಾ‌ಲ್ಕನ್ನೇ ಹಿಡಿದ. ಇವತ್ತು ಇಳಿಯುವ ಮಾತೇ ಇಲ್ಲ. ರಹೀಲ್ ಎರಡರಲ್ಲೇ ನಿಂತು, ಒಂದು ಹೆಜ್ಜೆ ಹತ್ತಿರ ಬಂದು, ಮೆಲ್ಲಗೆ ಅಂದ:

“ಕೊಡಿ, ಬಾಕ್ಸರ್ ಚಾಚಾ.”

ಕದಿರೇಶನ ಅಂಗೈ ತಾನಾಗಿಯೇ ಮುಚ್ಚಿಕೊಂಡಿತು. ಐದೂ ಬೆರಳು.

ರಹೀಲ್ ಟವೆಲ್ ಎತ್ತಿದ.

“ಎಷ್ಟಕ್ಕಯ್ಯಾ?” ಎಂದು ಸುಬ್ಬರಾಯಪ್ಪ ಕೂಗಿದ. ಕದಿರೇಶ ಎರಡು ಬೆರಳು ಎತ್ತಿ ತೋರಿಸಿದ. ಸುಬ್ಬರಾಯಪ್ಪ ಕನ್ನಡ ಮರೆತು ತೆಲುಗಿನಲ್ಲಿ ಏನೇನೋ ಅಂದ. ಮೆಹರ್ ಬಾನು ಎರಡನೇ ಸಲ ಸ್ಟವ್ ಆರಿಸಿ ಸ್ಟೂಲಿನ ಮೇಲೆ ಕೂತಳು.

“ಈ ಸಲಾನೂ ಎರಡನೇ ಏಟು ಕಾಣಲಿಲ್ಲ ಅಣ್ಣಾ” ಎಂದ ಕದಿರೇಶ. ಬಿದ್ದವನ ಮುಖವಾಗಿರಲಿಲ್ಲ ಅದು. ಹುಡುಗರನ್ನು ಕರೆದು, ತಾನೂ ಹೆಗಲಿಗೊಂದು ಬುಟ್ಟಿ ಏರಿಸಿಕೊಂಡು, ರಹೀಲ್‌ನ ಲಾರಿಯ ಕಡೆಗೆ ಹೊರಟ.